ಅಘನಾಶಿನಿ ಅಳಿವೆ: ಹಕ್ಕಿ, ಮೀನು, ಬೇಟೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಕನ್ನಡದ ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿ ಸಮುದ್ರ ಸೇರುತ್ತದೆ. ಆಚೆ ದಡದಲ್ಲಿ ತದಡಿ, ಈಚೆ ದಡದಲ್ಲಿ ಅಘನಾಶಿನಿ ಊರು. ಗೋಕರ್ಣಕ್ಕೆ ಬಂದವರು, ರಜೆಗೆ ಊರಿಗೆ ಬಂದವರು, ಹೊಸದಾಗಿ ಬೈನಾಕ್ಯುಲರ್ ಕೊಂಡವರು ಇಲ್ಲಿಗೆ ಬರುವ ಮುಂಚೆ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಅವಕ್ಕೆಲ್ಲ ಒಂದೇ ಕಡೆ ಉತ್ತರ ಬರೆದಿದ್ದೇನೆ.

ಇದು ಅಭಯಾರಣ್ಯವಾ? ಗೇಟ್ ಎಲ್ಲಿದೆ, ಟಿಕೆಟ್ ಎಷ್ಟು?

ಗೇಟ್ ಇಲ್ಲ, ಟಿಕೆಟ್ಟೂ ಇಲ್ಲ. ಇದು ಅಭಯಾರಣ್ಯವಲ್ಲ, ರಾಷ್ಟ್ರೀಯ ಉದ್ಯಾನವೂ ಅಲ್ಲ. 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಗಳ ಪಟ್ಟಿಗೆ ಸೇರಿದ ಜೌಗು ಪ್ರದೇಶ. ವಿಸ್ತೀರ್ಣ 4,801 ಹೆಕ್ಟೇರ್. ನೀರಿನ ಅಂಚಿಗೇ ಊರುಗಳಿವೆ, ಗಜನಿ (ಉಪ್ಪುನೀರಿನ ತಗ್ಗಿಗೆ ಕಟ್ಟೆ ಹಾಕಿದ) ಗದ್ದೆಗಳಿವೆ, ಮೀನುಗಾರಿಕೆ ಬಂದರಿದೆ, ಉಪ್ಪಿನ ಆಗರವಿದೆ. ಮೇಲೆ ಹೆದ್ದಾರಿಯ ಸೇತುವೆ, ಪಕ್ಕದಲ್ಲಿ ಕೊಂಕಣ ರೈಲ್ವೆಯ ಸೇತುವೆ. ಆರರಿಂದ ಏಳೂವರೆ ಸಾವಿರ ಕುಟುಂಬಗಳ ಅನ್ನ ಈ ನೀರಿನಲ್ಲಿದೆ. ಹಾಗಾಗಿ ಕಾಡಿಗೆ ಹೋದ ಹಾಗೆ ಇಲ್ಲಿಗೆ ಬರಬೇಡಿ. ಇನ್ನೊಬ್ಬರ ಗದ್ದೆಗೆ, ಇನ್ನೊಬ್ಬರ ಅಂಗಳಕ್ಕೆ ಹೋಗುವಾಗ ಹೇಗೆ ಕೇಳಿಕೊಂಡು ಹೋಗುತ್ತೇವೋ ಹಾಗೆ ಬನ್ನಿ. ಮುಂದಿನ ಹೆಚ್ಚಿನ ಉತ್ತರಗಳು ಇದರಿಂದಲೇ ಹುಟ್ಟಿದವು.

ರಾಮ್ಸಾರ್ ಪಟ್ಟಿಗೆ ಸೇರಿದ ಮೇಲೆ ಮೀನು ಹಿಡಿಯೋದು ಬಂದ್ ಅಲ್ವಾ?

ಇಲ್ಲ. ಈ ಅನುಮಾನ ನಮ್ಮೂರಿನವರಿಗೂ ಇತ್ತು. ರಾಮ್ಸಾರ್ ಇರಾನಿನ ಒಂದು ಊರು. 1971ರಲ್ಲಿ ಜೌಗು ಪ್ರದೇಶಗಳ ಬಗ್ಗೆ ಅಂತರರಾಷ್ಟ್ರೀಯ ಒಪ್ಪಂದ ಆದದ್ದು ಅಲ್ಲಿ. ಭಾರತ ಅದಕ್ಕೆ ಸೇರಿದ್ದು 1982ರಲ್ಲಿ. ಜೌಗನ್ನು ಉಳಿಸಿಕೊಂಡೇ ಜಾಣತನದಿಂದ ಬಳಸಿ ಅನ್ನುವುದು ಒಪ್ಪಂದದ ತಿರುಳು. ಜನರನ್ನು ಹೊರಗೆ ಹಾಕಿ ಬೇಲಿ ಕಟ್ಟಿ ಅಂತ ಅದು ಹೇಳುವುದಿಲ್ಲ. ಅಘನಾಶಿನಿಗೆ ಈ ಪಟ್ಟ ಸಿಕ್ಕಿದ್ದೇ ಇಲ್ಲಿನ ಮೀನುಗಾರಿಕೆ, ಬಳಚು (ಕೆಸರು, ಮರಳಿನಲ್ಲಿ ಸಿಗುವ ತಿನ್ನುವ ಚಿಪ್ಪುಜೀವಿ) ತೆಗೆಯುವುದು, ಗಜನಿ ಬೇಸಾಯ, ಉಪ್ಪು ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು. ಕರ್ನಾಟಕದಲ್ಲಿ ಮೊದಲು ಪಟ್ಟಿಗೆ ಸೇರಿದ್ದು ರಂಗನತಿಟ್ಟು, 2022ರಲ್ಲಿ. ಆಮೇಲೆ ಅಂಕಸಮುದ್ರ, ಮಾಗಡಿ ಕೆರೆ ಮತ್ತು ಅಘನಾಶಿನಿ ಒಟ್ಟಿಗೆ ಸೇರಿದವು. ಇವುಗಳಲ್ಲಿ ಸಮುದ್ರದ ಉಪ್ಪುನೀರು ಬರುವುದು ಇದೊಂದಕ್ಕೇ.

ಸಿಂಗಳೀಕಗಳಿರುವ ಅಘನಾಶಿನಿ ಇದೇನಾ?

ನದಿ ಅದೇ, ಜಾಗ ಬೇರೆ. ಸಿಂಗಳೀಕ ಇರುವುದು ಘಟ್ಟದ ಮೇಲಿನ ದಟ್ಟ ಕಾಡಿನಲ್ಲಿ, ಉಂಚಳ್ಳಿ ಜಲಪಾತದ ಆಸುಪಾಸಿನ ಕಣಿವೆಗಳಲ್ಲಿ. ಅದನ್ನು 2011ರಲ್ಲಿ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದ್ದರು. 2019ರಲ್ಲಿ ಶರಾವತಿ ಕಣಿವೆಯ ಜೊತೆ ಸೇರಿಸಿ ಸಿಂಗಳೀಕ ಅಭಯಾರಣ್ಯ ಮಾಡಿದರು. ಅಲ್ಲಿ ಅಭಯಾರಣ್ಯದ ಕಾನೂನು ನಡೆಯುತ್ತದೆ. ಎರಡನ್ನೂ ಗೊಂದಲ ಮಾಡಿಕೊಂಡು ಶಿರಸಿ ಕಡೆ ರೂಮ್ ಬುಕ್ ಮಾಡುವವರು ತುಂಬಾ ಜನ. ಅಳಿವೆ ನೋಡಬೇಕಾದರೆ ಕುಮಟಾ ಅಥವಾ ಗೋಕರ್ಣದಲ್ಲಿ ಉಳಿಯಿರಿ.

ಯಾವ ತಿಂಗಳು ಒಳ್ಳೆಯದು?

ಹಕ್ಕಿಗೆ ನವೆಂಬರ್‌ನಿಂದ ಫೆಬ್ರವರಿ. ಮಧ್ಯ ಏಷ್ಯಾ, ಟಿಬೆಟ್, ಸೈಬೀರಿಯಾ ಕಡೆಯ ವಲಸೆ ಹಕ್ಕಿಗಳು ಆಗ ಇಲ್ಲಿರುತ್ತವೆ. ಮಾರ್ಚ್ ಕೊನೆಯಲ್ಲಿ ಬಂದರೆ ಇನ್ನೊಂದು ಖುಷಿ ಇದೆ. ಊರಿಗೆ ಹೊರಡುವ ಮೊದಲು ಎಷ್ಟೋ ಗೊರವಗಳು (ಕೆಸರಿನ ಅಂಚಿನಲ್ಲಿ ಮೇಯುವ ಹಕ್ಕಿಗಳು) ಬಣ್ಣ ಬದಲಿಸಿಕೊಳ್ಳುತ್ತವೆ. ಜನವರಿಯಲ್ಲಿ ಮಾಸಲು ಕಂದಾಗಿದ್ದ ಸ್ಯಾಂಡ್ ಪ್ಲೋವರಿನ ಎದೆ ಇಟ್ಟಿಗೆ ಕೆಂಪಾಗಿರುತ್ತದೆ.

ಗಜನಿಯಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ನೋಡಬೇಕಾದರೆ ಮಳೆಗಾಲ ಮುಗಿಯುವ ಹೊತ್ತಿಗೆ ಬನ್ನಿ. ಜೂನ್‌ನಿಂದ ಆಗಸ್ಟ್‌ವರೆಗೆ ಹಕ್ಕಿಗಾಗಿ ಬರುವುದು ವ್ಯರ್ಥ. ಹೊಳೆ ಕೆಂಪಾಗಿ ತುಂಬಿ ಹರಿಯುತ್ತದೆ, ಉಪ್ಪುನೀರಿನ ಅಳಿವೆ ಹೆಚ್ಚುಕಮ್ಮಿ ಸಿಹಿನೀರಾಗಿರುತ್ತದೆ.

ದಿನದ ಯಾವ ಹೊತ್ತಿಗೆ ಬರಬೇಕು?

ಗಡಿಯಾರ ನೋಡಿ ಹೊರಡಬೇಡಿ, ಭರತ-ಇಳಿತ ನೋಡಿ ಹೊರಡಿ. ಬೇರೆ ಕಡೆ ಹಕ್ಕಿ ನೋಡಿ ಅಭ್ಯಾಸ ಇರುವವರು ಎಡವುವುದು ಇಲ್ಲೇ. ಬೆಳಿಗ್ಗೆ ಆರಕ್ಕೇ ಬಂದು ನಿಂತಿರುತ್ತಾರೆ, ಎದುರಿಗೆ ಬರೀ ನೀರು. ಭರತ ಪೂರ್ತಿ ಏರಿದಾಗ ಕೆಸರು ದಿಬ್ಬಗಳು ಮುಳುಗಿರುತ್ತವೆ. ಗೊರವಗಳಿಗೆ ಮೇಯಲು ಜಾಗ ಇರುವುದಿಲ್ಲ. ಅವು ಉಪ್ಪಿನ ಆಗರದ ಬದು, ಗಜನಿಯ ಕಟ್ಟೆ, ಮರಳು ದಿಬ್ಬ ಹೀಗೆ ಎಲ್ಲೋ ಒಂದು ಕಡೆ ಗುಂಪಾಗಿ ಕೂತು ಕಾಯುತ್ತವೆ.

ದಿನಕ್ಕೆ ಎರಡು ಭರತ, ಎರಡು ಇಳಿತ. ಒಂದು ಭರತದಿಂದ ಇಳಿತಕ್ಕೆ ಸುಮಾರು ಆರು ಗಂಟೆ. ಇವತ್ತು ಬೆಳಿಗ್ಗೆ 7ಕ್ಕೆ ಇಳಿತವಿದ್ದರೆ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಎರಡು ಇಳಿತಗಳೂ ಒಂದೇ ಸಮ ಅಲ್ಲ, ಒಂದರಲ್ಲಿ ನೀರು ಜಾಸ್ತಿ ಇಳಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ದೊಡ್ಡ ಏರಿಳಿತ. ಅಷ್ಟಮಿಯ ಹೊತ್ತಿಗೆ ಸಣ್ಣದು. ಮೊಬೈಲಿನಲ್ಲಿ ಕಾರವಾರದ ಭರತದ ಸಮಯ ಸಿಗುತ್ತದೆ, ಅಳಿವೆಯ ಬಾಯಿಗೆ ಅದು ಸಾಕು. ಒಳಗೆ ಮಿರ್ಜಾನ್, ದೀವಗಿ ಕಡೆ ಹೋದ ಹಾಗೆ ನೀರು ಇನ್ನೂ ತಡವಾಗಿ ಮುಟ್ಟುತ್ತದೆ.

ಮೇಯುವ ಹಕ್ಕಿ ನೋಡಲು ನೀರು ಇಳಿಯತೊಡಗಿದ ಒಂದೆರಡು ಗಂಟೆಯ ನಂತರ ಬನ್ನಿ. ಆಗಷ್ಟೇ ತೆರೆದುಕೊಂಡ ಕೆಸರಿನ ಅಂಚಿಗೆ ಹಕ್ಕಿಗಳು ಇಳಿಯುತ್ತವೆ, ನೀರು ಹಿಂದೆ ಸರಿದ ಹಾಗೆ ಅವೂ ಸರಿಯುತ್ತವೆ. ಗುಂಪು ಎಣಿಸಬೇಕಾದರೆ ಭರತದ ಹೊತ್ತಿಗೆ ಆಗರದ ಕಡೆ ಹೋಗಿ. ಇನ್ನೊಂದು ಮಾತು: ಸಮುದ್ರ ಪಶ್ಚಿಮಕ್ಕಿದೆ. ಬೆಳಿಗ್ಗೆ ಸಮುದ್ರದ ಕಡೆ ಮುಖ ಮಾಡಿ ನಿಂತರೆ ಬಿಸಿಲು ಬೆನ್ನಿಗಿರುತ್ತದೆ. ಸಂಜೆ ಅದೇ ಜಾಗದಲ್ಲಿ ಹಕ್ಕಿಗಳೆಲ್ಲ ಕಪ್ಪು ನೆರಳು.

ಎಲ್ಲೆಲ್ಲಿ ನಿಂತು ನೋಡಬಹುದು?

ತದಡಿ ಬಂದರಿನಿಂದ ಶುರು ಮಾಡಿ. ದೋಣಿ ಬಂದು ಮೀನು ಇಳಿಸುವ ಹೊತ್ತಿಗೆ ಕಡಲಕ್ಕಿಗಳು (ಗಲ್), ಗರುಡಗಳು ತಲೆ ಮೇಲೇ ಹಾರುತ್ತವೆ. ಬೈನಾಕ್ಯುಲರ್ ಇಲ್ಲದೆಯೂ ನೋಡಬಹುದು. ಕೆಲಸ ಮಾಡುವವರ ದಾರಿಗೆ ಅಡ್ಡ ನಿಲ್ಲಬೇಡಿ, ಅಷ್ಟೇ.

ಗೋಕರ್ಣದ ಹತ್ತಿರದ ಸಾಣಿಕಟ್ಟಾ ಉಪ್ಪಿನ ಆಗರ ನನಗೆ ತುಂಬಾ ಇಷ್ಟದ ಜಾಗ. ಚೌಕ ಚೌಕ ಪಾತಿ, ತೆಳು ನೀರು, ನಡುವೆ ಮಣ್ಣಿನ ಬದು. ಉದ್ದ ಕಾಲಿನ ಮೆಟ್ಟುಗಾಲು ಹಕ್ಕಿಗಳು ಪಾತಿಯಲ್ಲಿ, ಸಣ್ಣ ಗೊರವಗಳು ಬದುವಿನ ಮೇಲೆ. ಆದರೆ ಅದು ಉಪ್ಪು ತಯಾರಿಸುವ ಜಾಗ. ಬದು ತುಳಿದು ಕುಸಿದರೆ ಪಾತಿಯ ನೀರೆಲ್ಲ ಹೋಗುತ್ತದೆ. ರಸ್ತೆಯಿಂದ ನೋಡಿ. ಒಳಗೆ ಹೋಗಬೇಕಿದ್ದರೆ ಅಲ್ಲಿ ಕೆಲಸ ಮಾಡುವವರನ್ನು ಕೇಳಿ.

ದಕ್ಷಿಣ ದಡದಲ್ಲಿ ಅಘನಾಶಿನಿ ಊರಿನ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಕೆಸರು ದಿಬ್ಬ, ಮರಳು ಎಲ್ಲ ಹತ್ತಿರ ಹತ್ತಿರ ಇವೆ. ಮಾಣಿಕಟ್ಟಾ ಕಡೆ ದೊಡ್ಡ ಗಜನಿ ಬಯಲು. ಮಿರ್ಜಾನ್ ಕೋಟೆ ನೋಡಲು ಹೋದವರು ಹಾಗೇ ಹೊಳೆಯ ದಂಡೆಗೂ ಹೋಗಿ ಬನ್ನಿ. ಕಾಂಡ್ಲಾ ಅಂಚಿನಲ್ಲಿ ಮಿಂಚುಳ್ಳಿಗಳು ಖಂಡಿತ ಸಿಗುತ್ತವೆ. ಹೆದ್ದಾರಿ ಸೇತುವೆ ಮೇಲೆ ಗಾಡಿ ನಿಲ್ಲಿಸಿ ನೋಡುವ ಕೆಲಸ ಮಾತ್ರ ಬೇಡ. ಲಾರಿಗಳು ನಿಲ್ಲುವುದಿಲ್ಲ.

ಯಾವ ಯಾವ ಹಕ್ಕಿ ಕಾಣುತ್ತವೆ?

ಯಾವ ತಿಂಗಳಲ್ಲಿ ಬಂದರೂ ಗರುಡ, ಬೆಳ್ಳಕ್ಕಿ, ಬೂದು ಬಕ, ನೀರುಕಾಗೆ, ಮಿಂಚುಳ್ಳಿ ಇರುತ್ತವೆ. ಬಿಳಿ ಹೊಟ್ಟೆಯ ಕಡಲ ಹದ್ದು ಸಿಕ್ಕರೆ ಸ್ವಲ್ಪ ಹೊತ್ತು ಅಲ್ಲೇ ನಿಲ್ಲಿ. ನೀರಿನ ಮೇಲ್ಮೈಯಿಂದ ಹಾವನ್ನೋ ಮೀನನ್ನೋ ಕಾಲಲ್ಲಿ ಎತ್ತಿಕೊಂಡು ಹೋಗುವುದನ್ನು ನೋಡಿದವರು ಮರೆಯುವುದಿಲ್ಲ. ಚಳಿಗಾಲದಲ್ಲಿ ಮೀನುಗಿಡುಗವೂ ಬರುತ್ತದೆ. ಅದು ನೀರೊಳಗೇ ಧುಮುಕುತ್ತದೆ, ಗರುಡ ಹಾಗೆ ಮಾಡುವುದಿಲ್ಲ. ಗುರುತಿಸಲು ಇದು ಸುಲಭದ ದಾರಿ.

ಕೆಸರಿನ ಮೇಲೆ ಕೆಂಗಾಲಿನ ಗೊರವ, ಹೆಗ್ಗೊರವ, ವಿಂಬ್ರೆಲ್, ಬಗೆಬಗೆಯ ಪ್ಲೋವರ್‌ಗಳು. ಮರಳು ದಿಬ್ಬದ ಮೇಲೆ ಕಡಲಕ್ಕಿ ಮತ್ತು ರೀವಗಳ (ಟರ್ನ್) ಗುಂಪು. ಅದೃಷ್ಟ ಇದ್ದರೆ ಆಯ್ಸ್ಟರ್‌ಕ್ಯಾಚರ್. ಕಪ್ಪು ಬಿಳಿ ಮೈ, ಉದ್ದನೆಯ ಕಿತ್ತಳೆ ಕೊಕ್ಕು. ಹಾವಕ್ಕಿ, ಹೊಳೆ ರೀವ, ಬಿಳಿ ಕತ್ತಿನ ಕೊಕ್ಕರೆ ಕೂಡ ಈ ಅಳಿವೆಯ ಪಟ್ಟಿಯಲ್ಲಿವೆ.

ಹೊಸಬರಿಗೆ ಒಂದು ಸಲಹೆ. ಸಣ್ಣ ಕಂದು ಗೊರವಗಳ ಹೆಸರು ಮೊದಲ ದಿನವೇ ಹೇಳಬೇಕು ಅಂತ ಹಟ ಹಿಡಿಯಬೇಡಿ. ಮೊದಲು ಕಾಲಿನ ಬಣ್ಣ, ಕೊಕ್ಕಿನ ಉದ್ದ, ಮೇಯುವ ರೀತಿ ನೋಡಿ. ಪ್ಲೋವರ್ ನಾಲ್ಕು ಹೆಜ್ಜೆ ಓಡಿ, ನಿಂತು, ನೋಡಿ, ಕುಕ್ಕುತ್ತದೆ. ಉದ್ದ ಕೊಕ್ಕಿನವು ನಡೆಯುತ್ತಲೇ ಕೆಸರೊಳಗೆ ಕೊಕ್ಕು ಚುಚ್ಚುತ್ತ ಹೋಗುತ್ತವೆ. ಇಷ್ಟು ಗೊತ್ತಾದರೆ ಅರ್ಧ ಗೆದ್ದ ಹಾಗೆ.

ಗಾಳ ಹಾಕಿ ಮೀನು ಹಿಡಿಯಬಹುದಾ?

ತೆರೆದ ದಂಡೆಯಲ್ಲಿ, ಬಂಡೆ ಮೇಲೆ ಕೂತು ಒಂದು ಗಾಳ ಹಾಕಿದರೆ ಯಾರೂ ಏನೂ ಅನ್ನುವುದಿಲ್ಲ. ಊರ ಹುಡುಗರೂ ಹಾಕುತ್ತಾರೆ. ಆದರೂ ಅಲ್ಲಿದ್ದವರನ್ನು ಒಂದು ಮಾತು ಕೇಳಿ. "ಅಣ್ಣಾ, ಇಲ್ಲಿ ಗಾಳ ಹಾಕಿದ್ರೆ ನಿಮ್ಮ ಬಲೆಗೆ ತೊಂದ್ರೆ ಆಗ್ತದಾ?" ಅಂದರೆ ಸಾಕು, ಎಲ್ಲಿ ಮೀನು ಕಚ್ಚುತ್ತದೆ ಅಂತ ಅವರೇ ತೋರಿಸಿಕೊಡುತ್ತಾರೆ. ನೀರಿನಡಿ ಕಟ್ಟಿದ ಬಲೆ ನಮ್ಮ ಕಣ್ಣಿಗೆ ಕಾಣುವುದಿಲ್ಲ. ಗಾಳ ಸಿಕ್ಕಿ ಬಲೆ ಹರಿದರೆ ಅವರ ಆ ದಿನದ ದುಡಿಮೆ ಹೋಯಿತು.

ಹಾಕಬಾರದ ಜಾಗಗಳೂ ಇವೆ. ಗಜನಿಯ ಒಳಗೆ ಮತ್ತು ಗಜನಿಗೆ ನೀರು ಬಿಡುವ ಬಾಗಿಲ ಎದುರು ಹಾಕಬೇಡಿ. ಅಲ್ಲಿನ ಮೀನು, ಶೆಟ್ಲಿ (ಸೀಗಡಿ) ಸಾಮಾನ್ಯವಾಗಿ ಗುತ್ತಿಗೆಗೆ ಹೋಗಿರುತ್ತದೆ. ಅಲ್ಲಿ ಗಾಳ ಹಾಕುವುದು ಇನ್ನೊಬ್ಬರ ತೋಟದ ಕಾಯಿ ಕೊಯ್ದ ಹಾಗೆ. ದೋಣಿ ಹೋಗುವ ದಾರಿಯಲ್ಲೂ ಬೇಡ. ವಿಷ, ಸಿಡಿಮದ್ದು ಹಾಕಿ ಮೀನು ಹಿಡಿಯುವುದು ಅಪರಾಧ.

ನೊಗಲಿ (ಕಾಣೆ ಮೀನು), ಶೆಟ್ಲಿ, ಏಡಿ ಇಲ್ಲಿ ಹೆಸರಾದವು. ಅಳಿವೆಯಲ್ಲಿ 84ಕ್ಕಿಂತ ಹೆಚ್ಚು ಜಾತಿಯ ಮೀನುಗಳು ದಾಖಲಾಗಿವೆ. ಬೆರಳುದ್ದದ ಮರಿ ಸಿಕ್ಕರೆ ವಾಪಸ್ ಬಿಡಿ. ಕಾಂಡ್ಲಾ ಬೇರಿನ ನಡುವೆ ಬೆಳೆಯುವ ಮರಿಗಳಲ್ಲಿ ಎಷ್ಟೋ ಜಾತಿಯವು ದೊಡ್ಡದಾದ ಮೇಲೆ ಸಮುದ್ರಕ್ಕೆ ಹೋಗುತ್ತವೆ. ಕಡಲಲ್ಲಿ ಬಲೆ ಬೀಸುವವರಿಗೆ ಸಿಗುವ ಮೀನಿನ ಒಂದು ಪಾಲು ಬೆಳೆದದ್ದು ಇಲ್ಲಿಯೇ.

ಜೂನ್, ಜುಲೈನಲ್ಲಿ ಮೀನುಗಾರಿಕೆ ನಿಷೇಧ ಇರುತ್ತದಲ್ಲ?

ಅದು ಯಾಂತ್ರಿಕ ದೋಣಿಗಳು ಸಮುದ್ರಕ್ಕೆ ಇಳಿಯುವುದಕ್ಕೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ. ನಾಡದೋಣಿಯ ಸಾಂಪ್ರದಾಯಿಕ ಮೀನುಗಾರಿಕೆಗೆ ಆಗಲೂ ಅವಕಾಶ ಇದೆ. ನೀವು ಮಾತ್ರ ಆ ತಿಂಗಳುಗಳಲ್ಲಿ ಹೊಳೆಯ ಅಂಚಿಗೆ ಗಾಳ ಹಿಡಿದು ಹೋಗಬೇಡಿ. ನೆರೆ ನೀರಿನ ಸೆಳೆತ ಜೋರು.

ನಾವೂ ಕೆಸರಿಗಿಳಿದು ಬಳಚು ತೆಗೆಯಬಹುದಾ?

ಮಕ್ಕಳಿಗೆ ತೋರಿಸಲು ನಾಲ್ಕು ಚಿಪ್ಪು ಹೆಕ್ಕಿದರೆ ತೊಂದರೆ ಇಲ್ಲ. ಚೀಲ ತುಂಬಿಸಿಕೊಂಡು ಹೋಗುವ ಯೋಚನೆ ಇದ್ದರೆ ಬಿಡಿ. ಬಳಚು ಇಲ್ಲಿನ ನೂರಾರು ಮನೆಗಳ ಒಲೆ ಉರಿಸುತ್ತದೆ, ಅದರಲ್ಲೂ ಹೆಂಗಸರ ಕೈಗೆ ಬರುವ ದುಡ್ಡು ಅದು.

ಅವರು ತೆಗೆಯುವುದನ್ನು ಒಮ್ಮೆ ನಿಂತು ನೋಡಿ. ಇಳಿತದ ಹೊತ್ತಿಗೆ ಸೊಂಟಮಟ್ಟದ ನೀರಿಗೆ ಇಳಿಯುತ್ತಾರೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಕೆಲಸ ಎಲ್ಲ ಪಾದದ್ದು. ಹಿಮ್ಮಡಿ ಊರಿ ಬೆರಳುಗಳಿಂದ ಮರಳು ಕೆದಕುತ್ತಾರೆ. ಗಟ್ಟಿ ತಾಗಿದ್ದು ಕಲ್ಲೋ, ಸತ್ತ ಚಿಪ್ಪೋ, ಜೀವ ಇರುವ ಬಳಚೋ ಅಂತ ಕಾಲಿಗೇ ಗೊತ್ತಾಗುತ್ತದೆ. ಬಗ್ಗಿ ಎತ್ತಿ ಪಕ್ಕದಲ್ಲಿ ತೇಲುವ ಪಾತ್ರೆಗೆ ಹಾಕುತ್ತಾರೆ. ಪಾತ್ರೆಗೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಸೊಂಟಕ್ಕೆ. ನೀರು ತಿರುಗಿ ಏರತೊಡಗಿದ್ದು ನಮಗಿಂತ ಮೊದಲು ಅವರಿಗೆ ತಿಳಿಯುತ್ತದೆ. "ತಮ್ಮಾ, ನೀರು ಬಂತು, ಮೇಲೆ ಹೋಗು" ಅಂತ ಯಾರಾದರೂ ಕೂಗಿದರೆ ಫೋಟೊ ಮುಗಿಸಿ ಹೋಗೋಣ ಅಂತ ನಿಲ್ಲಬೇಡಿ.

ಬಳಚು ತಿನ್ನುವ ಆಸೆ ಇದ್ದರೆ ಅವರಿಂದಲೇ ಕೊಂಡುಕೊಳ್ಳಿ. ಮರಳು ಬಿಡಲು ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಚೆನ್ನಾಗಿ ಬೇಯಿಸಿ. ಬೇಯಿಸಿದ ಮೇಲೂ ಬಾಯಿ ತೆರೆಯದ ಚಿಪ್ಪನ್ನು ಎಸೆದುಬಿಡಿ.

ಗಜನಿ ಅಂದರೆ ಏನು? ಅದರ ಕಟ್ಟೆ ಮೇಲೆ ನಡೆಯಬಹುದಾ?

ಉಪ್ಪುನೀರು ಬರುವ ತಗ್ಗು ಬಯಲಿಗೆ ಕಟ್ಟೆ ಹಾಕಿ ಮಾಡಿದ ಗದ್ದೆ ಗಜನಿ. ಮಳೆಗಾಲದಲ್ಲಿ ಸಿಹಿನೀರು ತುಂಬಿದಾಗ ಕಗ್ಗ ಭತ್ತ ಬೆಳೆಯುತ್ತಾರೆ. ಕಗ್ಗ ಉಪ್ಪನ್ನೂ ತಡೆಯುತ್ತದೆ, ನೆರೆಯಲ್ಲಿ ಮುಳುಗಿದರೂ ಸುಲಭಕ್ಕೆ ಸಾಯುವುದಿಲ್ಲ. ಗೊಬ್ಬರ, ಔಷಧಿ ಏನೂ ಬೇಡ. ಎತ್ತರದ ಭತ್ತ ಅದು. ತೆನೆಯನ್ನಷ್ಟೇ ಕೊಯ್ದುಕೊಂಡು ಹುಲ್ಲನ್ನು ಅಲ್ಲೇ ಬಿಡುತ್ತಾರೆ. ಕೊಯ್ಲಿನ ನಂತರ ಬಾಗಿಲ ಹಲಗೆ ಎತ್ತಿ ಭರತದ ನೀರು ಒಳಗೆ ಬಿಟ್ಟರೆ ಜೊತೆಗೆ ಶೆಟ್ಲಿ ಮರಿ, ಮೀನು ಮರಿ ಬರುತ್ತವೆ. ಕೊಳೆತ ಹುಲ್ಲೇ ಅವಕ್ಕೆ ಮೇವು. ಬೆಳ್ಳಕ್ಕಿ, ಗೊರವಗಳು ಇಲ್ಲಿಗೆ ಮುತ್ತುವುದು ಇದಕ್ಕಾಗಿ.

ಒಂದೇ ನೆಲದಲ್ಲಿ ಅರ್ಧ ವರ್ಷ ಅನ್ನ, ಅರ್ಧ ವರ್ಷ ಮೀನು. ಈಗ ಕಗ್ಗ ಬೆಳೆಯುವವರು ಕಡಿಮೆಯಾಗಿದ್ದಾರೆ. ಬರೀ ಶೆಟ್ಲಿಗೆ ನೀರು ನಿಲ್ಲಿಸಿದರೆ ಬೇಗ ದುಡ್ಡು ಬರುತ್ತದೆ, ಭತ್ತಕ್ಕೆ ಆಳು ಸಿಗುವುದಿಲ್ಲ. ಮಾಣಿಕಟ್ಟಾದಲ್ಲಿ ಇನ್ನೂ ಕಗ್ಗವನ್ನು ಉಳಿಸಿಕೊಂಡವರಿದ್ದಾರೆ. ಹೋದಾಗ ಮಾತಾಡಿಸಿ. ಕಗ್ಗದ ಕೆಂಪಕ್ಕಿ ಸಿಕ್ಕರೆ ಒಂದೆರಡು ಕೆಜಿ ಕೊಂಡುಕೊಂಡು ಹೋಗಿ, ಆ ಭತ್ತ ಉಳಿಯಲು ಅದು ನೇರ ಸಹಾಯ.

ಕಟ್ಟೆ ಮೇಲೆ ಕೇಳಿಕೊಂಡು ನಡೆಯಬಹುದು. ಮೊಳಕೆ ಬರಿಸಿದ ಭತ್ತ ಬಿತ್ತಿದ ಹೊತ್ತಿನಲ್ಲಿ, ಮಳೆಗೆ ಮಣ್ಣು ಮೆತ್ತಗಾದಾಗ ಬೇಡ. ಬಾಗಿಲ ಹಲಗೆಯನ್ನು ತಮಾಷೆಗೂ ಮುಟ್ಟಬೇಡಿ. ತಪ್ಪು ಹೊತ್ತಿನಲ್ಲಿ ಉಪ್ಪುನೀರು ಒಳಗೆ ನುಗ್ಗಿದರೆ ಬೆಳೆ ಹಾಳು.

ಬಾತುಕೋಳಿ, ಕೊಕ್ಕರೆ ಬೇಟೆಗೆ ಪರವಾನಗಿ ಸಿಗುತ್ತದಾ?

ಸಿಗುವುದಿಲ್ಲ. ಎಲ್ಲಿಯೂ, ಯಾರಿಗೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಶುರುವಿನಲ್ಲಿ ಪರವಾನಗಿ ಬೇಟೆಗೆ ಜಾಗ ಇಟ್ಟಿತ್ತು. 1991ರ ತಿದ್ದುಪಡಿ ಅದನ್ನೂ ತೆಗೆದುಹಾಕಿತು. ಇದು ಅಭಯಾರಣ್ಯ ಅಲ್ಲವಲ್ಲ, ಹೊರಗೆ ಹೊಡೆಯಬಹುದು ಅಂತ ಕೆಲವರು ವಾದ ಮಾಡುತ್ತಾರೆ. ಅದು ತಪ್ಪು. ಕಾಯ್ದೆ ಕಾಪಾಡುವುದು ಪ್ರಾಣಿಯನ್ನು. ಹಕ್ಕಿ ಕಾಡಲ್ಲಿರಲಿ, ನಿಮ್ಮ ಸ್ವಂತ ಗದ್ದೆಯಲ್ಲಿರಲಿ, ಕಾನೂನು ಒಂದೇ.

ಬೇಟೆ ಅಂದರೆ ಕೋವಿ ಮಾತ್ರ ಅಂದುಕೊಳ್ಳಬೇಡಿ. ಉರುಳು ಹಾಕುವುದು, ಬಲೆ ಒಡ್ಡಿ ಹಕ್ಕಿ ಹಿಡಿಯುವುದು, ವಿಷ ಇಡುವುದು, ಗೂಡು ಕೆಡಿಸುವುದು, ಮೊಟ್ಟೆ ಎತ್ತುವುದು ಎಲ್ಲವೂ ಕಾಯ್ದೆಯ ಲೆಕ್ಕದಲ್ಲಿ ಬೇಟೆಯೇ. ಬೆಳೆ ಕಾಯಲು ಕೊಟ್ಟ ಕೋವಿಯ ಲೈಸೆನ್ಸ್ ಹಕ್ಕಿ ಹೊಡೆಯುವ ಲೈಸೆನ್ಸ್ ಅಲ್ಲ. 2022ರ ತಿದ್ದುಪಡಿಯ ನಂತರ ಸಾಮಾನ್ಯ ಅಪರಾಧಕ್ಕೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಕಾಯ್ದೆಯ ಮೊದಲನೇ ಪಟ್ಟಿಯ (ಹೆಚ್ಚಿನ ರಕ್ಷಣೆ ಇರುವ) ಪ್ರಾಣಿಗಾದರೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು, ಜೊತೆಗೆ ಕನಿಷ್ಠ 25 ಸಾವಿರ ದಂಡ. ಕಡಲ ಹದ್ದು ಆ ಪಟ್ಟಿಯಲ್ಲಿದೆ.

ಯಾರಾದರೂ "ಕೊಕ್ಕರೆ ಮಾಂಸ ಸಿಗ್ತದೆ, ಬೇಕಾ?" ಅಂದರೆ ಬೇಡ ಅನ್ನಿ. ಕೊಂಡವರೂ ಸಿಕ್ಕಿಬೀಳುತ್ತಾರೆ.

ಅಮೆರಿಕದಲ್ಲಿ ವನ್ಯಜೀವಿ ತಾಣದಲ್ಲೇ ಬಾತುಕೋಳಿ ಬೇಟೆ ಆಡುತ್ತಾರೆ. ಇಲ್ಲಿ ಯಾಕಿಲ್ಲ?

ಅಲ್ಲಿಂದ ರಜೆಗೆ ಬಂದವರು ಕೇಳುವ ಪ್ರಶ್ನೆ ಇದು, ನ್ಯಾಯವಾದ ಪ್ರಶ್ನೆ. ಫ್ಲಾರಿಡಾದ ಮೆರಿಟ್ ಐಲ್ಯಾಂಡ್‌ನಂಥ ಕರಾವಳಿ ತಾಣಗಳಲ್ಲಿ ಹಕ್ಕಿ ನೋಡುವವರು, ಗಾಳ ಹಾಕುವವರು, ಬೇಟೆಗಾರರು ಮೂವರಿಗೂ ಜಾಗ ಇದೆ. ಆದರೆ ಅಲ್ಲಿನ ಕಟ್ಟುಪಾಡು ದೊಡ್ಡದು. ರಾಜ್ಯದ ಲೈಸೆನ್ಸ್ ಬೇಕು, ತಾಣದ ಪರ್ಮಿಟ್ ಬೇಕು, 16 ವರ್ಷ ತುಂಬಿದವರಿಗೆ ಕೇಂದ್ರ ಸರ್ಕಾರದ ಡಕ್ ಸ್ಟ್ಯಾಂಪ್ (ಬೇಟೆಗಾರರು ದುಡ್ಡು ಕೊಟ್ಟು ಕೊಳ್ಳುವ ಚೀಟಿ) ಬೇಕು. ಇಂಥ ದಿನಗಳಲ್ಲಿ, ಇಂತಿಷ್ಟೇ ಹಕ್ಕಿ ಅಂತ ಮಿತಿ ಇದೆ. 1991ರಿಂದ ಬಾತುಕೋಳಿ ಬೇಟೆಗೆ ಸೀಸದ ಚರೆಯನ್ನು ದೇಶದಾದ್ಯಂತ ನಿಷೇಧಿಸಿದ್ದಾರೆ. ಚರೆ ಕೆಸರಿಗೆ ಬಿದ್ದು, ಅದನ್ನು ನುಂಗಿದ ಹಕ್ಕಿಗಳು ಸಾಯುತ್ತಿದ್ದವು. 1934ರಲ್ಲಿ ಶುರುವಾದ ಆ ಸ್ಟ್ಯಾಂಪಿನ ದುಡ್ಡಿನಲ್ಲಿ ಹೆಚ್ಚು ಕಡಿಮೆ ಪೂರ್ತಿ ಜೌಗು ನೆಲ ಕೊಳ್ಳಲು, ಉಳಿಸಲು ಹೋಗುತ್ತದೆ.

ಅಘನಾಶಿನಿಯಲ್ಲಿ ಅದು ಸಾಧ್ಯವೂ ಇಲ್ಲ, ಬೇಕಾಗಿಯೂ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಒಂದೇ ಕೆಸರು ದಿಬ್ಬದ ಮೇಲೆ ಹಕ್ಕಿ ಮೇಯುತ್ತದೆ, ಐವತ್ತು ಮಾರು ಆಚೆ ಹೆಂಗಸರು ಬಳಚು ತೆಗೆಯುತ್ತಾರೆ, ಕಾಂಡ್ಲಾ ಹಿಂದೆ ಯಾರೋ ಏಡಿ ಹಿಡಿಯುತ್ತಿರುತ್ತಾರೆ. ಇಂಥ ಕಡೆ ಕೋವಿಗೆ ಜಾಗ ಇಲ್ಲ. ಇಲ್ಲಿ ಜೌಗನ್ನು ಉಳಿಸುವ ದುಡ್ಡು ಮೀನಿನಿಂದ, ಬಳಚಿನಿಂದ, ಭತ್ತದಿಂದ ಬರಬೇಕು. ಬಂದವರು ಊರವರ ಕೈಯಿಂದ ಕೊಂಡರೆ ಅದೇ ನಮ್ಮ ಸ್ಟ್ಯಾಂಪ್.

ಚಿಪ್ಪು, ಕಡಲಕುದುರೆ, ಆಮೆ ಸಿಕ್ಕರೆ ಮನೆಗೆ ಒಯ್ಯಬಹುದಾ?

ಬೇಡ. ಕಡಲಕುದುರೆ, ಕಡಲ ಸೌತೆ, ಆಮೆ ಎಲ್ಲವೂ ಸಂರಕ್ಷಿತ. ಜೀವ ಇದ್ದರೆ ನೀರಿಗೆ ಬಿಡಿ, ಒಣಗಿದ್ದರೂ ಎತ್ತಿಕೊಳ್ಳಬೇಡಿ. ಖಾಲಿ ಬಳಚಿನ ಚಿಪ್ಪು ಒಂದೆರಡು ಮಕ್ಕಳ ಜೇಬಿಗೆ ಹೋದರೆ ಹೋಗಲಿ.

ದೋಣಿ ಸಿಗುತ್ತದಾ?

ತದಡಿ ಮತ್ತು ಅಘನಾಶಿನಿ ನಡುವೆ ಜನ ದಾಟುವ ದೋಣಿ ಇದೆ. ಬೈಕ್ ಕೂಡ ಏರಿಸಿಕೊಂಡು ಹೋಗುತ್ತಾರೆ. ಹೊಳೆ ದಾಟಿದರೆ ಸಿಗುವ ಊರಿಗೆ ರಸ್ತೆಯಲ್ಲಿ ಹೋಗಬೇಕಾದರೆ ಮಿರ್ಜಾನ್ ಸೇತುವೆ ಸುತ್ತಿ ಬರಬೇಕು. ಕೊನೆಯ ದೋಣಿ ಎಷ್ಟೊತ್ತಿಗೆ ಅಂತ ಹತ್ತುವಾಗಲೇ ಕೇಳಿಕೊಳ್ಳಿ.

ಹಕ್ಕಿ ನೋಡಲು ಬೇರೆ ದೋಣಿ ಬೇಕಿದ್ದರೆ ಮೀನುಗಾರರೊಂದಿಗೇ ಮಾತಾಡಿ, ದರ ಮೊದಲೇ ಹೇಳಿಸಿಕೊಳ್ಳಿ. ಲೈಫ್ ಜಾಕೆಟ್ ಇಲ್ಲದೆ ಹತ್ತಬೇಡಿ. ಮರಳು ದಿಬ್ಬದ ಮೇಲೆ ಕೂತ ಹಕ್ಕಿಗಳ ಹತ್ತಿರ ದೋಣಿ ಒಯ್ಯಿ ಅಂತ ಒತ್ತಾಯ ಮಾಡಬೇಡಿ. ಸಾವಿರಾರು ಕಿಲೊಮೀಟರ್ ಹಾರಿ ಬಂದ ಹಕ್ಕಿಗೆ ಕೂತು ದಣಿವಾರಿಸಿಕೊಳ್ಳಲು ಭರತದ ಹೊತ್ತು ಮಾತ್ರ ಇರುವುದು. ಒಂದು ಫೋಟೊಗೆ ಇಡೀ ಗುಂಪನ್ನು ಎಬ್ಬಿಸಿದರೆ ಅವು ಸುಮ್ನೆ ಶಕ್ತಿ ಕಳೆದುಕೊಳ್ಳುತ್ತವೆ. ಡ್ರೋನ್ ಹಾರಿಸುವವರಿಗೂ ಇದೇ ಮಾತು.

ಅಳಿವೆಯ ಬಾಯಲ್ಲಿ ಕೆಲವೊಮ್ಮೆ ಡಾಲ್ಫಿನ್ ಬೆನ್ನು ಕಾಣುತ್ತದೆ. ಕಂಡರೆ ಎಂಜಿನ್ ನಿಧಾನ ಮಾಡಲು ಹೇಳಿ, ಬೆನ್ನಟ್ಟಬೇಡಿ.

ಏನು ಹಾಕಿಕೊಂಡು ಬರಬೇಕು, ಏನು ತರಬೇಕು?

ಕಾಲಿಗೆ ಕಟ್ಟಿಕೊಳ್ಳುವ ರಬ್ಬರ್ ಚಪ್ಪಲಿ ಅಥವಾ ಹಳೆಯ ಶೂ. ಹವಾಯಿ ಚಪ್ಪಲಿ ಕೆಸರಿನಲ್ಲೇ ಉಳಿಯುತ್ತದೆ, ಬರಿಗಾಲಿಗೆ ಕಲ್ಲಿಗಂಟಿದ ಚಿಪ್ಪುಗಳು ಬ್ಲೇಡಿನ ಹಾಗೆ ಕೊಯ್ಯುತ್ತವೆ. ಆಳವಿಲ್ಲದ ನೀರಿನಲ್ಲಿ ನಡೆಯುವಾಗ ಕಾಲು ಎತ್ತಿ ಇಡದೆ ಎಳೆದುಕೊಂಡು ನಡೆಯಿರಿ. ಮರಳಲ್ಲಿ ತೊರಕೆ ಮೀನು ಮಲಗಿರುತ್ತದೆ. ಕಾಲು ತಾಗಿದರೆ ಓಡಿಹೋಗುತ್ತದೆ, ಮೇಲೆ ತುಳಿದರೆ ಬಾಲದ ಮುಳ್ಳಿನಿಂದ ಹೊಡೆಯುತ್ತದೆ. ಹೊಡೆದರೆ ತಾಳಿಕೊಳ್ಳುವಷ್ಟು ಬಿಸಿನೀರಿನಲ್ಲಿ ಕಾಲು ಇಟ್ಟು ಆಸ್ಪತ್ರೆಗೆ ಹೋಗಿ.

ಕಾಂಡ್ಲಾ ಕಾಡಿನಲ್ಲಿ ಕೊಂಬೆ ಮುರಿಯಬೇಡಿ. ಅಲ್ಲಿನ ಒಂದು ಜಾತಿಯ ಗಿಡದ ಹಾಲು ಕಣ್ಣಿಗೆ ಬಿದ್ದರೆ ಕಣ್ಣು ಕಾಣದಷ್ಟು ಉರಿಯುತ್ತದೆ. ನೆಲದಿಂದ ಮೇಲೆದ್ದ ಉಸಿರುಬೇರುಗಳನ್ನೂ ತುಳಿಯಬೇಡಿ, ಮರ ಉಸಿರಾಡುವುದು ಅದರಿಂದ.

8x42 ಬೈನಾಕ್ಯುಲರ್ ಸಾಕು. ಟೆಲಿಸ್ಕೋಪ್ ಇದ್ದವರಿಗೆ ಇಲ್ಲಿ ಒಳ್ಳೆ ಉಪಯೋಗ, ಹಕ್ಕಿಗಳು ದೂರ ಇರುತ್ತವೆ. ಟೋಪಿ, ಕುಡಿಯುವ ನೀರು ಮರೆಯಬೇಡಿ. ಕೆಸರು ಬಯಲಿನಲ್ಲಿ ನೆರಳು ಅನ್ನುವುದೇ ಇಲ್ಲ.

ಮಕ್ಕಳು, ವಯಸ್ಸಾದವರು ಬರಬಹುದಾ?

ಧಾರಾಳವಾಗಿ. ತದಡಿ ಬಂದರು, ಮಿರ್ಜಾನ್ ಕೋಟೆ, ಸಾಣಿಕಟ್ಟಾ ರಸ್ತೆ ಮೂರೂ ಹೆಚ್ಚು ನಡೆಯದೆ ನೋಡುವ ಜಾಗ. ಮಕ್ಕಳಿಗೆ ಹಕ್ಕಿಗಿಂತ ಏಡಿ ಇಷ್ಟವಾಗುತ್ತದೆ. ಇಳಿತದಲ್ಲಿ ಕೆಸರಿನ ಅಂಚಿಗೆ ಅಲುಗಾಡದೆ ಕೂರಿಸಿ. ಐದು ನಿಮಿಷದಲ್ಲಿ ತೂತುಗಳಿಂದ ಪುಟ್ಟ ಏಡಿಗಳು ಹೊರಬರುತ್ತವೆ. ಗಂಡೇಡಿಯ ಒಂದು ಕೊಂಡಿ ಮೈಗಿಂತ ದೊಡ್ಡದು. ಅದನ್ನು ಎತ್ತಿ ಇಳಿಸಿ ಹೆಣ್ಣನ್ನು ಕರೆಯುತ್ತದೆ, ಇನ್ನೊಂದು ಸಣ್ಣ ಕೊಂಡಿಯಲ್ಲಿ ಮಣ್ಣು ಬಾಯಿಗಿಟ್ಟುಕೊಳ್ಳುತ್ತದೆ. ಹೆಣ್ಣಿಗೆ ಎರಡೂ ಸಣ್ಣ ಕೊಂಡಿ, ಎರಡರಲ್ಲೂ ಊಟ.

ತಲುಪುವುದು ಹೇಗೆ?

ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಕುಮಟಾ ಮತ್ತು ಗೋಕರ್ಣ ರೋಡ್‌ನಲ್ಲಿ ನಿಲ್ಲುತ್ತದೆ. ಮಂಗಳೂರು ಕಡೆಯವರಿಗೆ ರೈಲು, ಬಸ್ಸು ಎರಡೂ ಸುಲಭ. ಕುಮಟಾದಿಂದ ಸುತ್ತಲಿನ ಊರುಗಳಿಗೆ ಬಸ್ಸಿದೆ. ಭರತ-ಇಳಿತಕ್ಕೆ ಹೊಂದಿಸಿ ಓಡಾಡಲು ಬೈಕ್ ಅಥವಾ ಆಟೊ ಅನುಕೂಲ.

ಇಷ್ಟು ಮೀನು, ಬಳಚು ಇಲ್ಲೇ ಯಾಕೆ? ಬೇರೆ ಹೊಳೆಗಳಲ್ಲಿ ಇಲ್ಲವಾ?

ನದಿಗೆ ಅಣೆಕಟ್ಟು ಇಲ್ಲದ್ದು ದೊಡ್ಡ ಕಾರಣ. ಶಿರಸಿಯ ಶಂಕರಹೊಂಡದಿಂದ ಹುಟ್ಟಿ ಸಮುದ್ರದವರೆಗೆ ಅಘನಾಶಿನಿ ತನ್ನ ಪಾಡಿಗೆ ಹರಿಯುತ್ತದೆ. ಮಳೆಗಾಲದಲ್ಲಿ ಸಿಹಿನೀರು, ಬೇಸಿಗೆಯಲ್ಲಿ ಒಳಗಿನವರೆಗೂ ಉಪ್ಪುನೀರು. ಈ ಏರಿಳಿತಕ್ಕೆ ಒಗ್ಗಿದ ಜೀವಗಳೇ ಇಲ್ಲಿವೆ.

ಪಕ್ಕದ ಹೊನ್ನಾವರದ ಶರಾವತಿ ಅಳಿವೆ ನೋಡಿ. ಮೇಲೆ ಲಿಂಗನಮಕ್ಕಿ, ಆಮೇಲೆ ಗೇರುಸೊಪ್ಪೆ. ವಿದ್ಯುತ್ ತಯಾರಿಸಿ ಬಿಟ್ಟ ಸಿಹಿನೀರು ವರ್ಷವಿಡೀ ಬರುತ್ತದೆ. ಬೇಸಿಗೆಯಲ್ಲೂ ಅಲ್ಲಿ ಉಪ್ಪಿನ ಅಂಶ ಕಡಿಮೆ. ಉಪ್ಪು ಬೇಕಾದ ಮೀನು, ಬಳಚುಗಳು ಅಲ್ಲಿ ತೀರಾ ಕಡಿಮೆಯಾದವು ಅಂತ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ ಎರಡೂ ಅಳಿವೆಗಳನ್ನು ಹೋಲಿಸಿ ದಾಖಲಿಸಿದೆ.

ಅಘನಾಶಿನಿಗೂ ಕಂಟಕ ಬಂದಿಲ್ಲ ಅಂತಲ್ಲ. ತದಡಿಯಲ್ಲಿ 4,000 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರ ಮಾಡುವ ಯೋಜನೆ ಇತ್ತು, ಜನ ವಿರೋಧಿಸಿ ಅದು ನಿಂತಿತು. ಈಗ ಅಘನಾಶಿನಿ-ವೇದಾವತಿ ನದಿ ಜೋಡಣೆಯ ಮಾತು ನಡೆದಿದೆ. ಘಟ್ಟದ ಮೇಲೆ ನೀರು ತಿರುಗಿಸಿದರೆ ಕೆಳಗೆ ಬಳಚು ತೆಗೆಯುವವರ ಕೆಲಸಕ್ಕೆ ಪೆಟ್ಟು ಬೀಳುತ್ತದೆ. ಸಮುದ್ರಕ್ಕೆ ಹೋಗುವ ನೀರು ವ್ಯರ್ಥ ಅನ್ನುವವರನ್ನು ಒಂದು ಇಳಿತದ ಹೊತ್ತಿಗೆ ಇಲ್ಲಿಗೆ ಕರೆದುಕೊಂಡು ಬನ್ನಿ.

ನಾನು ನೋಡಿದ ಹಕ್ಕಿಗಳ ಪಟ್ಟಿ ಯಾರಿಗಾದರೂ ಉಪಯೋಗ ಆಗುತ್ತದಾ?

ಆಗುತ್ತದೆ. ಹಕ್ಕಿಗಳ ದಾಖಲೆ ಇಡುವ ಇ-ಬರ್ಡ್ ಜಾಲತಾಣಕ್ಕೆ ಹಾಕಿ. ಎಣಿಸಿದ ಸಂಖ್ಯೆ, ಜಾಗ, ಸಮಯದ ಜೊತೆ ಭರತವೋ ಇಳಿತವೋ ಅನ್ನುವುದನ್ನೂ ಬರೆಯಿರಿ. ಅದಿಲ್ಲದೆ ಎರಡು ದಿನದ ಎಣಿಕೆಯನ್ನು ಹೋಲಿಸಲು ಬರುವುದಿಲ್ಲ. ಜನವರಿಯಲ್ಲಿ ಏಷ್ಯಾದಾದ್ಯಂತ ನೀರಹಕ್ಕಿ ಗಣತಿ ನಡೆಯುತ್ತದೆ, ಆಗ ಬಂದರೆ ಇನ್ನೂ ಒಳ್ಳೆಯದು.

ಉರುಳು, ಹಕ್ಕಿ ಬಲೆ ಕಂಡರೆ ಏನು ಮಾಡಲಿ?

ನೀವೇ ಜಗಳಕ್ಕೆ ನಿಲ್ಲಬೇಡಿ. ಜಾಗದ ಫೋಟೊ, ಲೊಕೇಶನ್ ತೆಗೆದುಕೊಂಡು ಕುಮಟಾ ವಲಯ ಅರಣ್ಯಾಧಿಕಾರಿಯ ಕಚೇರಿಗೆ ತಿಳಿಸಿ. ತುರ್ತು ಇದ್ದರೆ 112. ಬಲೆಯಲ್ಲಿ ಜೀವ ಇರುವ ಹಕ್ಕಿ ಇದ್ದರೆ ಅದರ ತಲೆ ಮೇಲೆ ಬಟ್ಟೆ ಹಾಕಿ, ರೆಕ್ಕೆ ಎಳೆಯದೆ ದಾರ ಕತ್ತರಿಸಿ. ಮೀನಿನ ಬಲೆಯನ್ನು ಹಕ್ಕಿ ಬಲೆ ಅಂದುಕೊಂಡು ಕತ್ತರಿಸಿದ್ದೂ ಉಂಟು. ಅನುಮಾನ ಇದ್ದರೆ ಮೊದಲು ಹತ್ತಿರದ ಮನೆಯವರನ್ನು ಕೇಳಿ.